ಕೆಂಪು ನೀರಿಗೆ ಎಷ್ಟು ಕಪ್ಪು ಗಾಜು?

ಜಲಪಾತದ ಫೋಟೋಗೆ ಯಾವ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ, ಬೆಳಕು ತಡೆಯುವ ಕಪ್ಪು ಗಾಜು; ಅಂಕೆ ಎಷ್ಟೋ ಅಷ್ಟು ಪಟ್ಟು ಬೆಳಕು ಕಡಿಮೆ) ತಗೋಬೇಕು ಅಂತ ಕೇಳಿದರೆ ಹೆಚ್ಚಿನವರು ಎನ್‌ಡಿ 1000 ಅನ್ನುತ್ತಾರೆ. ನಮ್ಮ ಯಾದಗಿರಿ ಕಡೆಯ ಜಲಪಾತಗಳಲ್ಲಿ ನಾನು ಅದನ್ನು ಬ್ಯಾಗಿನಿಂದ ತೆಗೆಯುವುದೇ ಅಪರೂಪ.

ಕಾರಣ ನೀರಿನ ಬಣ್ಣ. ಗುರುಮಠಕಲ್ ಹತ್ತಿರದ ನಜರಾಪುರದಲ್ಲಿ ದಬದಬಿ ಜಲಪಾತ ಇದೆಯಲ್ವಾ, ಅದರ ಚೆಂದ ಮಳೆಗಾಲದಲ್ಲಿ. ಜೋರು ಮಳೆ ಬಿದ್ದ ಮೇಲೆ ಮಣ್ಣು ಕಲಸಿದ ನೀರು ಇಳಿಯುತ್ತದೆ. ಮೋಡ ಕವಿದ ಸಂಜೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ 11ರಲ್ಲಿ (ಲೆನ್ಸಿನ ಕಿಂಡಿಯ ಅಳತೆ, ಅಂಕೆ ದೊಡ್ಡದಾದಷ್ಟು ಕಿಂಡಿ ಸಣ್ಣದು) ಶಟರ್ 1/30 ಸೆಕೆಂಡ್ ತೆರೆದಿರಬೇಕು ಅಂತ ಕ್ಯಾಮೆರಾದ ಮೀಟರ್ ತೋರಿಸಿತು ಅಂದುಕೊಳ್ಳಿ. ಎನ್‌ಡಿ 8 ಹಾಕಿದರೆ ಅದು ಸುಮಾರು ಕಾಲು ಸೆಕೆಂಡ್ ಆಗುತ್ತದೆ. ಎನ್‌ಡಿ 64ಕ್ಕೆ 2 ಸೆಕೆಂಡ್, ಎನ್‌ಡಿ 1000ಕ್ಕೆ ಅರ್ಧ ನಿಮಿಷಕ್ಕೂ ಸ್ವಲ್ಪ ಜಾಸ್ತಿ. ಒಮ್ಮೆ ಹೀಗೆ ತೆಗೆದ 2 ಸೆಕೆಂಡಿನ ಫೋಟೋವನ್ನು ಅಲ್ಲೇ ಆಡು ಮೇಯಿಸುತ್ತಿದ್ದ ಅಜ್ಜನಿಗೆ ತೋರಿಸಿದೆ. "ಮ್ಯಾಲಿಂದ ಚಾ ಸುರುವಿದಂಗ ಕಾಣ್ತದಲ್ರೀ" ಅಂದರು. ಸರಿಯಾಗೇ ಹೇಳಿದರು! ಬಿಳಿ ನೊರೆ ಕಡಿಮೆ ಇರುವ ನೀರು ಹೆಚ್ಚು ಹೊತ್ತಿಗೆ ಬರೀ ಕಂದು ಪಟ್ಟಿಯಾಗುತ್ತದೆ. ಕಾಲು, ಅರ್ಧ ಸೆಕೆಂಡಿನಲ್ಲಿ ಎಳೆ ಎಳೆಯೂ ಉಳಿಯುತ್ತದೆ, ಬಂಡೆಗೆ ಬಡಿಯುವ ಜೋರೂ ಕಾಣುತ್ತದೆ. ಗಿಡದ ಎಲೆಗಳೂ ಅಷ್ಟಾಗಿ ಅಲುಗಿರುವುದಿಲ್ಲ.

ಜೊತೆಗೆ ಪೋಲರೈಸರ್ ಹಾಕುತ್ತೇನೆ. ಒದ್ದೆ ಬಂಡೆಯ ಹೊಳಪು ಹೋಗಿ ಕಲ್ಲಿನ ಬಣ್ಣ ಬರುತ್ತದೆ. ಅದೂ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಬೆಳಕು ತಿನ್ನುತ್ತದೆ, ಲೆಕ್ಕಕ್ಕೆ ಹಿಡಿಯಬೇಕು. ಫಿಲ್ಟರ್ ಇಲ್ಲದೆ ಎಫ್ 22ಕ್ಕೆ ಹೋಗಿ ಶಟರ್ ನಿಧಾನ ಮಾಡುವವರಿದ್ದಾರೆ. ಚಿತ್ರ ಮೆತ್ತಗಾಗುತ್ತದೆ, ನನಗೆ ಅದು ಬೇಡ.

ಎನ್‌ಡಿ 1000 ನನಗೆ ಬೇಕಾಗುವುದು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದಲ್ಲಿ. ಅಲ್ಲಿ ಸಣ್ಣ ಅಲೆ ಸಪಾಟಾಗಬೇಕು, ಮೋಡ ಹರಿದಂತೆ ಕಾಣಬೇಕು. ಈ ಗಾಜು ಎಷ್ಟು ಕಪ್ಪು ಅಂದರೆ ವ್ಯೂಫೈಂಡರಿನಲ್ಲಿ ಬಹುತೇಕ ಏನೂ ಕಾಣುವುದಿಲ್ಲ. ಅದಕ್ಕೇ ಮೊದಲು ಫ್ರೇಮ್ ಕೂಡಿಸಿ, ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ ಆಮೇಲೆ ಫಿಲ್ಟರ್ ತಿರುಗಿಸುತ್ತೇನೆ, ಲೆನ್ಸಿನ ರಿಂಗ್ ಅಲುಗದಂತೆ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಷನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಆಫ್. 2 ಸೆಕೆಂಡ್ ಟೈಮರ್. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್ ಮೇಲೆ ಒಂದು ಕಪ್ಪು ಬಟ್ಟೆ, ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಗ್ಗುತ್ತದೆ. ಕೆಲವು ಫಿಲ್ಟರ್‌ಗಳು ಬಣ್ಣ ಬೇರೆ ಹತ್ತಿಸುತ್ತವೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಇದ್ದರೆ ಮನೆಯಲ್ಲಿ ಸರಿಮಾಡಬಹುದು.

ವೇರಿಯಬಲ್ ಎನ್‌ಡಿ (ತಿರುಗಿಸಿ ಕಪ್ಪು ಹೆಚ್ಚು ಕಡಿಮೆ ಮಾಡುವ ಫಿಲ್ಟರ್) ಒಂದೇ ಸಾಕಲ್ವಾ ಅಂತ ಕೇಳುತ್ತಾರೆ. ವಿಡಿಯೋಗೆ ಸರಿ. ವೈಡ್ ಲೆನ್ಸಿನಲ್ಲಿ ಪೂರ್ತಿ ಗಾಢಕ್ಕೆ ತಿರುಗಿಸಿದರೆ ಎಕ್ಸ್ ಆಕಾರದ ಕಪ್ಪು ನೆರಳು ಬೀಳುತ್ತದೆ. ಈ ಭಾಗದಲ್ಲಿ ಒಂದೇ ಕೊಳ್ಳುವ ದುಡ್ಡಿದ್ದರೆ ನಾನು ಎನ್‌ಡಿ 8 ಕೊಳ್ಳುತ್ತೇನೆ, ಉಳಿದದ್ದರಲ್ಲಿ ಗಟ್ಟಿಯಾದ ಟ್ರೈಪಾಡ್.