ಒಂಬತ್ತನೇ ಕ್ಲಾಸಿನಲ್ಲಿ ರಾಷ್ಟ್ರಪತಿ ಚುನಾವಣೆ: ನನ್ನ ಅನುಭವ

ನಮ್ಮ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ವಿಧಾನ ಪರಿಷತ್ ಚುನಾವಣೆ ನಡೆದಾಗ ನಾನು ಒಬ್ಬರ ಹೆಸರಿನ ಮುಂದೆ 1 ಅಂತ ಬರೆದು, ಉಳಿದದ್ದನ್ನು ಖಾಲಿ ಬಿಟ್ಟು ಬಂದಿದ್ದೆ. ಇದರಲ್ಲಿ ಇಷ್ಟದ ಕ್ರಮಕ್ಕೆ 1, 2, 3 ಅಂತ ಬರೆಯಬಹುದು; 1 ಹಾಕಿದವರು ಹೊರಬಿದ್ದರೆ ಚೀಟಿ 2 ಹಾಕಿದವರಿಗೆ ಹೋಗುತ್ತದೆ. ಎಣಿಕೆಯಲ್ಲಿ ಅವರು ಮೊದಲೇ ಹೊರಬಿದ್ದರು. ನನ್ನ ಚೀಟಿ ಅಲ್ಲಿಗೇ ನಿಂತಿತು. ಕೊನೆಗೆ ಉಳಿದ ಇಬ್ಬರಲ್ಲಿ ಯಾರು ವಾಸಿ ಅಂತ ಹೇಳುವ ಅವಕಾಶ ನನಗಿತ್ತು, ಸುಮ್ನೆ ಕಳೆದುಕೊಂಡೆ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ನಾನು ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ರಾಷ್ಟ್ರಪತಿ ಚುನಾವಣೆಯೂ ಇದೇ ಪದ್ಧತಿಯದು. ಮಕ್ಕಳು 'ಏಕ ವರ್ಗಾವಣಾ ಮತ' ಅಂತ ಬಾಯಿಪಾಠ ಮಾಡುತ್ತಾರೆ, ಆದರೆ ಮತ ಎಲ್ಲಿಂದ ಎಲ್ಲಿಗೆ ವರ್ಗ ಆಗುತ್ತದೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೇಗೂ ಕ್ಲಾಸ್ ಲೀಡರ್ ಆರಿಸಬೇಕಿತ್ತು. ಇದರಲ್ಲೇ ಮಾಡಿಸಿದೆ.

ಮೊದಲು ಬೋರ್ಡಿನ ಮೇಲೆ ಲೆಕ್ಕ. ರಾಷ್ಟ್ರಪತಿಯನ್ನು ಆರಿಸುವುದು ಶಾಸಕರು ಮತ್ತು ಸಂಸದರು, ಆದರೆ ಎಲ್ಲರ ಚೀಟಿಗೂ ಒಂದೇ ತೂಕ ಅಲ್ಲ. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224 ಶಾಸಕ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಿದರೆ 131. ಅಂದರೆ ನಮ್ಮ ಶಾಸಕರ ಒಂದು ಚೀಟಿಗೆ 131 ಮತದ ತೂಕ. ಉತ್ತರ ಪ್ರದೇಶದವರದ್ದು 208, ಸಿಕ್ಕಿಂನವರದ್ದು ಬರೀ 7. ಸಂಸದರದ್ದು 2022ರಲ್ಲಿ 700 ಇತ್ತು. ಇಷ್ಟು ಹಳೆಯ ಜನಗಣತಿ ಯಾಕೆ ಸಾರ್ ಅಂತ ಒಬ್ಬಳು ಕೇಳಿದಳು. ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟ ರಾಜ್ಯಗಳಿಗೆ ಅದರಿಂದಲೇ ನಷ್ಟ ಆಗಬಾರದು, ಅಲ್ವಾ? ನಾನು ಮತ ಹಾಕಿದ ವಿಧಾನ ಪರಿಷತ್ತಿನ ಸದಸ್ಯರಿಗೆ ಮಾತ್ರ ಈ ಚುನಾವಣೆಯಲ್ಲಿ ಮತವೇ ಇಲ್ಲ, ಸದನಗಳಿಗೆ ನಾಮಕರಣಗೊಂಡ ಸದಸ್ಯರಿಗೂ ಇಲ್ಲ.

ಆಮೇಲೆ ಮತದಾನ. ಅಭ್ಯರ್ಥಿಗಳು ಮೂವರು, ಮತದಾರರು 45. ನಿಜವಾದ ಚುನಾವಣೆಯಲ್ಲಿ ಚುನಾವಣಾ ಆಯೋಗ ನೇರಳೆ ಶಾಯಿಯ ಪೆನ್ನು ಕೊಡುತ್ತದೆ, ಬೇರೆ ಪೆನ್ನಿನಲ್ಲಿ ಬರೆದರೆ ಮತ ಕುಲಗೆಟ್ಟ ಹಾಗೆ, ಹಾಗಾಗಿ ನಾನೂ ಒಂದೇ ಒಂದು ನೇರಳೆ ಸ್ಕೆಚ್ ಪೆನ್ ಇಟ್ಟೆ. ಇಬ್ಬರು ಟಿಕ್ ಹಾಕಿದ್ದರು. ಒಬ್ಬ 'ಒಂದು' ಅಂತ ಅಕ್ಷರದಲ್ಲಿ ಬರೆದಿದ್ದ. ಮೂರೂ ತಿರಸ್ಕೃತ. ಕನ್ನಡ ಅಂಕಿಯಲ್ಲಿ ೧, ೨ ಅಂತ ಬರೆದವಳ ಮತ ಮಾತ್ರ ಊರ್ಜಿತ, ನಿಜವಾದ ನಿಯಮವೂ ಅದೇ: ಭಾರತದ ಯಾವ ಭಾಷೆಯ ಅಂಕಿಯಾದರೂ ಸರಿ, ಅಕ್ಷರದಲ್ಲಿ ಬರೆಯುವ ಹಾಗಿಲ್ಲ.

ಉಳಿದದ್ದು 42. ಅರ್ಧ 21, ಅದಕ್ಕೆ ಒಂದು ಸೇರಿಸಿದರೆ 22. ಅಷ್ಟು ಬಂದವರು ಗೆದ್ದರು.

ಮೊದಲ ಪ್ರಾಶಸ್ತ್ಯದಲ್ಲಿ ಕ್ರಿಕೆಟ್ ಟೀಮಿನ ಹುಡುಗನಿಗೆ 16, ಎರಡನೆಯವಳಿಗೆ 14, ಮೂರನೆಯವನಿಗೆ 12. ಹುಡುಗನ ಕಡೆಯವರು ಆಗಲೇ ಬೆಂಚು ಬಡಿದರು. ಶಾಸಕರ ಚುನಾವಣೆ ಆಗಿದ್ದರೆ ಅವನೇ ಗೆದ್ದಿದ್ದ, 26 ಜನ ಬೇಡ ಅಂದಿದ್ದರೂ. ಇಲ್ಲಿ ಯಾರಿಗೂ 22 ಬಂದಿರಲಿಲ್ಲ, ಹಾಗಾಗಿ ನಾನು ಎಲ್ಲರಿಗಿಂತ ಕಡಿಮೆ ಬಂದ ಮೂರನೆಯವನ 12 ಚೀಟಿ ಎತ್ತಿಕೊಂಡು ಒಂದೊಂದೇ ಬಿಡಿಸಿ, 2 ಯಾರ ಹೆಸರಿನ ಮುಂದೆ ಇದೆ ಅಂತ ಗಟ್ಟಿಯಾಗಿ ಓದುತ್ತಾ ಹೋದೆ. ಹುಡುಗನಿಗೆ 3, ಹುಡುಗಿಗೆ 8. ಒಂದರಲ್ಲಿ ಬರೀ 1 ಇತ್ತು, ನನ್ನ ಚೀಟಿಯ ಹಾಗೆ. ಅದನ್ನು ಪಕ್ಕಕ್ಕಿಟ್ಟೆ. 19ಕ್ಕೆ 22. ಹುಡುಗಿ ಗೆದ್ದಳು.

ದುರ್ಗದವರಿಗೆ ಈ ಲೆಕ್ಕ ಬೇರೆ ಊರಿನ ಕಥೆ ಅಲ್ಲ. ಇಲ್ಲೇ ವಕೀಲಿ ಮಾಡಿದ ನಿಜಲಿಂಗಪ್ಪನವರು 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರು. ಆ ವರ್ಷದ ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿ. ಇಂದಿರಾ ಗಾಂಧಿ ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಅಂದರು. ಪಕ್ಷೇತರರಾಗಿ ನಿಂತಿದ್ದ ವಿ. ವಿ. ಗಿರಿಯವರಿಗೆ ಮೊದಲ ಎಣಿಕೆಯಲ್ಲಿ 4,01,515, ಬೇಕಿದ್ದದ್ದು 4,18,169. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಕೊನೆಗೆ ಮೂರನೇ ಸ್ಥಾನದಲ್ಲಿದ್ದ ಸಿ. ಡಿ. ದೇಶಮುಖ್ ಅವರ ಚೀಟಿಗಳನ್ನೂ ಹಂಚಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅದೇ ವರ್ಷ ಪಕ್ಷ ಒಡೆಯಿತು. ಈ ಕಥೆ ಹೇಳುವಾಗ ಕ್ಲಾಸಿನಲ್ಲಿ ಒಂದು ಸದ್ದಿರಲಿಲ್ಲ.

ಸೋತ ಹುಡುಗ ಬೆಲ್ ಆದ ಮೇಲೂ ಹೋಗಲಿಲ್ಲ. ಆ 12 ಚೀಟಿ ಕೊಡಿ ಸಾರ್ ಅಂದ. ಕೊಟ್ಟೆ. ನೆಲದ ಮೇಲೆ ಹರಡಿಕೊಂಡು ಎರಡು ಸಲ ಎಣಿಸಿದ. "ಲೆಕ್ಕ ಸರಿ ಐತೆ ಸಾರ್" ಅಂತ ವಾಪಸ್ ಕೊಟ್ಟು, ಪಕ್ಕಕ್ಕಿಟ್ಟಿದ್ದ ಆ ಒಂದು ಚೀಟಿ ತೋರಿಸಿ, "ಇವನು ಎರಡು ಯಾಕೆ ಬರೀಲಿಲ್ಲ?" ಅಂದ.