ಅರ್ಧ ಕಾರ್ಡಿನ ವರ್ಣನೆ

ಕಥೆಯಲ್ಲಿ ವರ್ಣನೆ ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಯಾರೂ ಹೇಳುವುದಿಲ್ಲ. ನನಗೆ ದಾರಿ ಸಿಕ್ಕಿದ್ದು 50 ಪೈಸೆಯ ಅಂಚೆ ಕಾರ್ಡಿನಲ್ಲಿ. ಯಾವ ವರ್ಣನೆಯೂ ಅರ್ಧ ಕಾರ್ಡು ದಾಟಬಾರದು, ಅಷ್ಟೇ. ‘ಹೀಗೆ ಕತ್ತರಿಸಿದರೆ ಕಥೆ ಒಣಗಿಹೋಗುತ್ತೆ’ ಅಂದರು ಗೆಳೆಯರು. ಆ ಕಥೆಯೇ ದೀಪಾವಳಿ ವಿಶೇಷಾಂಕದಲ್ಲಿ ಬಂತು. ಸಂಪಾದಕರು ಒಂದು ಪದವನ್ನೂ ಮುಟ್ಟಿರಲಿಲ್ಲ.

ಅದಕ್ಕೂ ಮೊದಲು ದುಡ್ಡು ಬೇಕಾದಷ್ಟು ಹೋಗಿದೆ. ಒಂದು ಕಮ್ಮಟಕ್ಕೆ 3,000 ರೂಪಾಯಿ ಹತ್ತಿರ ಕೊಟ್ಟೆ. ವಾಸನೆ, ಸದ್ದು, ರುಚಿ, ಎಲ್ಲವನ್ನೂ ತನ್ನಿ ಅಂದರು. ಹಾಕಿದೆ. 1,800 ಪದಗಳಷ್ಟಿದ್ದ ಕಥೆ 3,000 ದಾಟಿತು. ಡಿಟಿಪಿಗೆ ಪುಟಕ್ಕೆ 20 ರೂಪಾಯಿಯೋ ಏನೋ, ತಿದ್ದಿದಾಗಲೆಲ್ಲ ಮತ್ತೆ ಕೊಡಬೇಕು. ಕಥೆ ಮಾತ್ರ ವಾಪಸ್ ಬರುತ್ತಲೇ ಇತ್ತು. ಆಮೇಲೆ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ ನೋಡಿದೆ. ಪೊಲೀಸರ ಪಂಚನಾಮೆ ಓದಿದ ಹಾಗಾಯ್ತು.

ಕಾರ್ಡಿನಲ್ಲಿ ಜಾಗವೇ ಇಲ್ಲವಲ್ಲ, ಆಗ ಪ್ರಶ್ನೆಯೇ ಬದಲಾಯಿತು. ಈ ಹೊತ್ತಿನಲ್ಲಿ ಈ ಪಾತ್ರ ಏನನ್ನು ನೋಡದೆ ಇರಲಾರದು? ನನ್ನ ಕಥೆ ನಡೆಯುವುದು ತೀರ್ಥಹಳ್ಳಿ ಕಡೆ, ಅಡಿಕೆ ಸುಲಿಗೆಯ ರಾತ್ರಿ. ಮೊದಲ ಕರಡಿನಲ್ಲಿ ಚಳಿ, ಅಂಗಳ, ಬಲ್ಬಿನ ಮಂದ ಬೆಳಕು, ಹಂಡೆಯಲ್ಲಿ ಬೇಯುವ ಅಡಿಕೆಯ ವಾಸನೆ, ಸಾಲಾಗಿ ಕೂತ ಹೆಂಗಸರು ಅಂತ ಅರ್ಧ ಪುಟ ಇತ್ತು. ಮೆಟ್ಟುಕತ್ತಿಯಲ್ಲಿ, ಅಂದರೆ ಅಡಿಕೆ ಸುಲಿಯುವ ಕತ್ತಿಯಲ್ಲಿ, ಸುಲಿಯುವವಳು ಇದನ್ನೆಲ್ಲ ನೋಡ್ತಾ ಕೂರ್ತಾಳಾ? ಅವಳಿಗೆ ಕೂಲಿ ಸಿಗೋದು ಸುಲಿದ ಲೆಕ್ಕಕ್ಕೆ. ತಲೆ ಎತ್ತಿದರೆ ಡಬ್ಬ ತುಂಬಲ್ಲ. ಅದಕ್ಕೇ ಇಷ್ಟು ಬರೆದೆ:

‘ಮಗು ಅತ್ತಿತು. ಅವಳು ಮೆಟ್ಟುಕತ್ತಿಯಿಂದ ಕಣ್ಣು ತೆಗೆಯದೆ, ಸಿಪ್ಪೆಯ ಕಲೆ ಹಿಡಿದ ಕೈಯಿಂದ ಹಾಲಿನ ಲೋಟ ಅತ್ತ ತಳ್ಳಿದಳು.’

ಚಳಿ, ಬಲ್ಬು ಎರಡೂ ಹೋದವು. ಓದಿದವರೊಬ್ಬರು ‘ಆ ರಾತ್ರಿ ಚಳಿ ಜಾಸ್ತಿ ಇತ್ತು ಅಲ್ವಾ?’ ಅಂತ ಕೇಳಿದರು. ಚಳಿ ಅನ್ನೋ ಪದ ಕಥೆಯಲ್ಲಿ ಎಲ್ಲೂ ಇರಲಿಲ್ಲ! ನನಗೆ ಗೌರವಧನಕ್ಕಿಂತ ದೊಡ್ಡದು ಅದು. ಗೌರವಧನ ಸಾವಿರದ ಆಸುಪಾಸು, ಅದೂ ತಿಂಗಳುಗಟ್ಟಲೆ ಕಾದ ಮೇಲೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಬಣ್ಣದ ಹೆಸರೇ ಇಲ್ಲದ ಕಥೆ. ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಕೆಂಪಿನ ಹತ್ತಿರ ಬಂದು ಸಿಕ್ಕಿಕೊಂಡಿತು. ಅಡಿಕೆಗೆ ಆ ಬಣ್ಣ ಕೂತರೇ ಒಳ್ಳೆ ರೇಟು. ಮಾಲೀಕ ಅದನ್ನು ನೋಡಿಯೇ ನೋಡುತ್ತಾನೆ. ಕೆಂಪನ್ನು ವಾಪಸ್ ತಂದೆ, ಅವನು ಬರುವ ಪುಟಕ್ಕೆ ಮಾತ್ರ.

ಯಾವ ವರ್ಣನೆಯನ್ನು ಕಥೆಯ ಎಷ್ಟನೇ ಸಾಲಿನಲ್ಲಿ ಇಡಬೇಕು ಅನ್ನೋದಕ್ಕೂ ನನ್ನದೊಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುಂದಿನ ಕಥೆ ಮಳೆಗಾಲದ್ದು. ಕಾರ್ಡಿನ ಹೊಸ ಕಟ್ಟು ತಂದಿದ್ದೇನೆ.