ಪ್ಲೀ ಬಾರ್ಗೇನಿಂಗ್ ಆದ ಮೇಲೆ ಶಿಕ್ಷೆಯನ್ನು ಪ್ರಶ್ನಿಸುವುದು: ನನ್ನ ಅನುಭವ

ಪ್ಲೀ ಬಾರ್ಗೇನಿಂಗ್ (ಆರೋಪಿ ತಪ್ಪೊಪ್ಪಿಕೊಂಡು, ಸಂಧಾನದ ಮೂಲಕ ಕಡಿಮೆ ಶಿಕ್ಷೆ ಪಡೆಯುವ ಪ್ರಕ್ರಿಯೆ) ಮೂಲಕ ಇತ್ಯರ್ಥವಾದ ಪ್ರಕರಣದ ತೀರ್ಪನ್ನು ಹಿಡಿದು ನನ್ನ ಬಳಿಗೆ ಬರುವವರು ಸಾಮಾನ್ಯವಾಗಿ ಎರಡರಲ್ಲೊಂದು ಮಾತನ್ನು ನಂಬಿಕೊಂಡು ಬಂದಿರುತ್ತಾರೆ. ತಪ್ಪೊಪ್ಪಿಕೊಂಡ ಮೇಲೆ ಎಲ್ಲ ಬಾಗಿಲೂ ಮುಚ್ಚಿತು ಎನ್ನುವುದು ಒಂದು. ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದರೆ ಸಾಕು ಎನ್ನುವುದು ಇನ್ನೊಂದು. ಯಾವುದು ಸರಿ ಎಂಬುದು ತಪ್ಪೊಪ್ಪಿಗೆ ಯಾವ ದಾರಿಯಲ್ಲಿ ನಡೆಯಿತು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ನಾನು ತೀರ್ಪಿಗಿಂತ ಮೊದಲು ಆರ್ಡರ್ ಶೀಟನ್ನು, ಅಂದರೆ ಪ್ರತಿ ದಿನದ ಕಲಾಪ ಮತ್ತು ಆದೇಶಗಳ ದಾಖಲೆಯನ್ನು, ಓದುತ್ತೇನೆ.

ಆರೋಪಿಯು ದೋಷಾರೋಪಣೆಯ ಹಂತದಲ್ಲಿ ನೇರವಾಗಿ ತಪ್ಪೊಪ್ಪಿಕೊಂಡಿದ್ದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಂ ಅನ್ವಯಿಸುತ್ತದೆ. ಆಗ ಅಪರಾಧ ನಿರ್ಣಯವನ್ನು ಪ್ರಶ್ನಿಸಲಾಗದಿದ್ದರೂ, ಸೆಷನ್ಸ್ ನ್ಯಾಯಾಲಯ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಧಿಸಿದ ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಯ ಬಗ್ಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ 2006ರ ಜುಲೈ 5ರಂದು ಜಾರಿಗೆ ಬಂದ 21-ಎ ಅಧ್ಯಾಯದ ಅಡಿಯಲ್ಲಿ, ಅಂದರೆ ಅರ್ಜಿ, ಪ್ರಮಾಣಪತ್ರ, ಸಂಧಾನ ಮತ್ತು ವರದಿಯ ಕ್ರಮದಲ್ಲಿ ಪ್ರಕರಣ ಮುಗಿದಿದ್ದರೆ, 265-ಜಿ ಕಲಂ ಆ ತೀರ್ಪನ್ನು ಅಂತಿಮವೆಂದು ಸಾರುತ್ತದೆ. ಅಲ್ಲಿ ಉಳಿಯುವುದು ಸಂವಿಧಾನದ 136ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಹಾಕುವ ವಿಶೇಷ ಅನುಮತಿ ಅರ್ಜಿ ಹಾಗೂ 226 ಮತ್ತು 227ನೇ ವಿಧಿಗಳಡಿ ಉಚ್ಚ ನ್ಯಾಯಾಲಯಕ್ಕೆ ಹಾಕುವ ರಿಟ್ ಅರ್ಜಿ ಮಾತ್ರ. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ಮಾತು 295ನೇ ಕಲಂನಲ್ಲಿದೆ.

ನಾನು ಕಾನೂನು ನೆರವು ಸಮಿತಿಯ ಮೂಲಕ ನಡೆಸಿದ ಒಂದು ಪ್ರಕರಣವನ್ನು ಇಲ್ಲಿ ಹೇಳುತ್ತೇನೆ. ಸೆರೆಮನೆಯಲ್ಲಿರುವ ಯಾರಿಗೇ ಆದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಏಕೆಂದರೆ ಉಚ್ಚ ನ್ಯಾಯಾಲಯದ ಖರ್ಚಿಗೆ ಹೆದರಿ ಸುಮ್ಮನಾಗುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ನನ್ನ ಕಕ್ಷಿದಾರ ಒಂದು ಗೋದಾಮಿನ ನೌಕರ. ಮಾಲೀಕರ ಸರಕು ಕದ್ದ ಆರೋಪದ ಮೇಲೆ ಭಾರತೀಯ ದಂಡ ಸಂಹಿತೆಯ 381ನೇ ಕಲಂ ಅಡಿ ಮೊಕದ್ದಮೆ ಹಳೆಯ ಸಂಹಿತೆಯ ಕಾಲದಲ್ಲೇ ದಾಖಲಾಗಿ ವಿಚಾರಣೆಗೆ ಬಂದಿತ್ತು. ಆ ಅಪರಾಧಕ್ಕೆ ಗರಿಷ್ಠ ಏಳು ವರ್ಷಗಳ ಸೆರೆವಾಸವಿದ್ದುದರಿಂದ, ಏಳು ವರ್ಷ ಮೀರಿದ ಅಪರಾಧಗಳಿಗೆ ಅವಕಾಶವಿಲ್ಲದ ಈ ಪ್ರಕ್ರಿಯೆಯೊಳಗೆ ಅದು ಅಂಚಿನಲ್ಲಿ ಬರುತ್ತಿತ್ತು. ಸಂಧಾನದಲ್ಲಿ ಆತ ಪರಿಹಾರದ ಹಣವನ್ನು ಕಟ್ಟಿದ. ಜಾಮೀನಿಗೆ ಮೊದಲು ನ್ಯಾಯಾಂಗ ಬಂಧನದಲ್ಲಿ ಕಳೆದ ಅವಧಿಯೇ ಶಿಕ್ಷೆಯೆಂದು ಪರಿಗಣನೆಯಾಗಿ ಮನೆಗೆ ಹೋಗುತ್ತೇನೆಂದು ನಂಬಿದ್ದ. ನ್ಯಾಯಾಲಯ ವಿಧಿಸಿದ್ದು ಎರಡು ವರ್ಷಗಳ ಸೆರೆವಾಸ.

ಕುಟುಂಬದವರು ಇದನ್ನು ವಚನಭಂಗವೆಂದು ಕರೆದರು. ಅವರ ನೋವು ನನಗೆ ಅರ್ಥವಾಗುತ್ತಿತ್ತು. ಆದರೆ ಆ ಮಾತಿನ ಮೇಲೆ ರಿಟ್ ಅರ್ಜಿ ನಿಲ್ಲುವುದಿಲ್ಲ. ಪರಸ್ಪರ ಒಪ್ಪಿತ ಇತ್ಯರ್ಥದಲ್ಲಿ ಪ್ರಾಸಿಕ್ಯೂಟರ್, ತನಿಖಾಧಿಕಾರಿ, ಆರೋಪಿ ಮತ್ತು ನೊಂದವರು ಕೂಡಿ ಪರಿಹಾರ ಹಾಗೂ ಖರ್ಚುಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ; ಶಿಕ್ಷೆಯ ನಿರ್ಧಾರ ನ್ಯಾಯಾಲಯದ್ದೇ. ಹೊರಗೆ ವರಾಂಡದಲ್ಲಿ ಯಾರು ಏನು ಭರವಸೆ ಕೊಟ್ಟರು ಎಂಬುದನ್ನು ಸಾಬೀತುಪಡಿಸಲು ಹೊರಡುವ ಬದಲು, ಶಿಕ್ಷೆ ವಿಧಿಸುವಾಗ ಕಾನೂನು ಹಾಕಿದ ಕಟ್ಟುಪಾಡುಗಳನ್ನು ನ್ಯಾಯಾಲಯ ಪಾಲಿಸಿತೇ ಎಂದು ಕೇಳುವುದೇ ಗಟ್ಟಿ ನೆಲ ಎಂದು ನಾನು ನಿರ್ಧರಿಸಿದೆ.

265-ಇ ಕಲಂ ಅನ್ನು ಎದುರಿಗಿಟ್ಟುಕೊಂಡು ಆರ್ಡರ್ ಶೀಟನ್ನು ಸಾಲುಸಾಲಾಗಿ ಓದಿದೆ. ಆ ಕಲಂ ಪ್ರಕಾರ ನ್ಯಾಯಾಲಯವು ಶಿಕ್ಷೆಯ ಪ್ರಮಾಣದ ಬಗ್ಗೆ ಮಾತ್ರವಲ್ಲದೆ ಪ್ರೊಬೇಷನ್ ಮೇಲೆ, ಅಂದರೆ ಸೆರೆಮನೆಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ, ಬಿಡುಗಡೆ ಮಾಡುವ ಬಗ್ಗೆಯೂ ಎರಡೂ ಕಡೆಯವರನ್ನು ಕೇಳಬೇಕು; ಪ್ರೊಬೇಷನ್ ಅನ್ವಯಿಸದಿದ್ದರೆ, ಕಾನೂನು ಕನಿಷ್ಠ ಶಿಕ್ಷೆಯನ್ನು ನಿಗದಿಪಡಿಸಿದಲ್ಲಿ ಅದರ ಅರ್ಧ, ಇಲ್ಲದಿದ್ದಲ್ಲಿ ಆ ಅಪರಾಧಕ್ಕೆ ವಿಧಿಸಬಹುದಾದ ಶಿಕ್ಷೆಯ ನಾಲ್ಕನೇ ಒಂದು ಭಾಗ ಎಂಬ ಲೆಕ್ಕ ಬರುತ್ತದೆ. 381ಕ್ಕೆ ಕನಿಷ್ಠ ಶಿಕ್ಷೆ ಇಲ್ಲ. ಏಳು ವರ್ಷವೆಂದರೆ 84 ತಿಂಗಳು. ಅದರ ನಾಲ್ಕನೇ ಒಂದು ಭಾಗ 21 ತಿಂಗಳು. ತೀರ್ಪಿನಲ್ಲಿದ್ದುದು 24. ಮೂರು ತಿಂಗಳ ಈ ವ್ಯತ್ಯಾಸ ಸೆರೆಮನೆಯ ಹೊರಗಿರುವವರಿಗೆ ಚಿಕ್ಕದಾಗಿ ಕಾಣಬಹುದು, ಆದರೆ ಶಿಕ್ಷೆ ಅಧಿಕಾರದ ಗಡಿ ಮೀರಿದೆ ಎಂದು ತೋರಿಸಲು ಅದು ಸಾಕು. ಪ್ರೊಬೇಷನ್ ಬಗ್ಗೆ ಆರ್ಡರ್ ಶೀಟಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3ನೇ ಕಲಂ, ಹಿಂದೆ ಶಿಕ್ಷೆಯಾಗದವರನ್ನು ಎಚ್ಚರಿಕೆ ನೀಡಿ ಬಿಡಬಹುದಾದ ಅಪರಾಧಗಳ ಪೈಕಿ 381ನ್ನು ಹೆಸರಿಸಿಯೇ ಹೇಳುತ್ತದೆ. ಬಂಧನದ ಅವಧಿಯನ್ನು ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ ಪ್ರಕಾರ ಶಿಕ್ಷೆಯಿಂದ ಕಳೆಯುವ ಆದೇಶವೂ ಇರಲಿಲ್ಲ. 265-ಐ ಅದನ್ನು ಈ ಅಧ್ಯಾಯದ ಶಿಕ್ಷೆಗಳಿಗೂ ವಿಸ್ತರಿಸಿದೆ.

ಇನ್ನೊಂದು ಲೋಪ ಇದಕ್ಕಿಂತ ದೊಡ್ಡದಾಗಿತ್ತು. ಅರ್ಜಿ ಬಂದಾಗ ನ್ಯಾಯಾಧೀಶರು ಆರೋಪಿಯನ್ನು ಮುಚ್ಚಿದ ಕೊಠಡಿಯಲ್ಲಿ, ಎದುರು ಪಕ್ಷದವರಿಲ್ಲದೆ ಪ್ರಶ್ನಿಸಿ, ಆತ ಸ್ವಇಚ್ಛೆಯಿಂದ ಬಂದಿದ್ದಾನೆಂದು ಖಚಿತಪಡಿಸಿಕೊಳ್ಳಬೇಕು. ಪ್ಲೀ ಬಾರ್ಗೇನಿಂಗ್ ಅನ್ನು ಸರ್ವೋಚ್ಚ ನ್ಯಾಯಾಲಯ ದಶಕಗಳ ಕಾಲ ಸಂಶಯದಿಂದಲೇ ಕಂಡಿತ್ತು; ಶಾಸನ ಅದಕ್ಕೆ ಜಾಗ ಕೊಟ್ಟಾಗ ಕಾವಲಿಗೆ ಇಟ್ಟದ್ದು ಈ ಪರೀಕ್ಷೆಯನ್ನು. ನನ್ನ ಕಕ್ಷಿದಾರನ ಕಡತದಲ್ಲಿ "ಆರೋಪಿಯನ್ನು ವಿಚಾರಿಸಲಾಯಿತು" ಎಂಬ ಒಂದೇ ಸಾಲಿತ್ತು. ಎಲ್ಲಿ, ಯಾರ ಎದುರು, ಏನು ಕೇಳಲಾಯಿತು ಎಂಬುದಿರಲಿಲ್ಲ.

ಇಲ್ಲಿ ತೀರ್ಮಾನ ಕಠಿಣವಾಯಿತು. ಸ್ವಇಚ್ಛೆಯ ಪರೀಕ್ಷೆ ನಡೆದಿಲ್ಲವೆಂದು ವಾದಿಸಿ ಗೆದ್ದರೆ ಇಡೀ ತೀರ್ಪು ರದ್ದಾಗಿ, ಪ್ರಕರಣ ಪೂರ್ಣ ವಿಚಾರಣೆಗೆ ಮರಳುತ್ತದೆ. ತಪ್ಪೊಪ್ಪಿಗೆ ಅರ್ಜಿಯಲ್ಲಿ ಹೇಳಿದ್ದನ್ನು ಬೇರೆ ಉದ್ದೇಶಕ್ಕೆ ಬಳಸದಂತೆ 265-ಕೆ ರಕ್ಷಣೆ ಕೊಡುತ್ತದಾದರೂ, ಸಾಕ್ಷ್ಯ ಬಲವಾಗಿದ್ದರೆ ಏಳು ವರ್ಷಗಳ ಶಿಕ್ಷೆಯ ಸಾಧ್ಯತೆ ಮತ್ತೆ ತಲೆಯ ಮೇಲೆ ಬರುತ್ತದೆ. ಇದನ್ನು ನಾನು ಸೆರೆಮನೆಗೆ ಹೋಗಿ ಕಕ್ಷಿದಾರನಿಗೇ ವಿವರಿಸಿದೆ, ಸಂಬಂಧಿಕರ ಮೂಲಕ ಹೇಳಿಸಲಿಲ್ಲ. ಯಾವ ಅಪಾಯವನ್ನು ಹೊರಬೇಕೆಂದು ತೀರ್ಮಾನಿಸಬೇಕಾದವನು ಆತನೇ. ಆತ ಯೋಚಿಸಿ, ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಬೇಡ, ಶಿಕ್ಷೆಯನ್ನಷ್ಟೇ ಪ್ರಶ್ನಿಸೋಣ ಎಂದ. ಹಾಗಾಗಿ ಅರ್ಜಿಯ ಮುಖ್ಯ ಕೋರಿಕೆ ಶಿಕ್ಷೆಯ ಭಾಗವನ್ನು ಮಾತ್ರ ರದ್ದುಪಡಿಸಿ 265-ಇ ಪ್ರಕಾರ ಹೊಸದಾಗಿ ಆಲಿಸಬೇಕೆಂಬುದಾಯಿತು. ಮುಚ್ಚಿದ ಕೊಠಡಿಯ ಪರೀಕ್ಷೆಯ ಲೋಪವನ್ನು ಸಂಗತಿಯಾಗಿ ದಾಖಲಿಸಿದೆನೇ ಹೊರತು ಅದರ ಮೇಲೆ ಪರಿಹಾರ ಕೇಳಲಿಲ್ಲ.

ಮೇಲ್ಮನವಿಯೇ ಇಲ್ಲದ ಕಾರಣ ಹಳೆಯ ಸಂಹಿತೆಯ 389ನೇ ಕಲಂ ಅಡಿ ಶಿಕ್ಷೆಯ ಅಮಾನತು ಕೇಳಲು ಬರುವುದಿಲ್ಲ. ರಿಟ್ ಅರ್ಜಿಯೊಳಗೇ ಮಧ್ಯಂತರ ಆದೇಶವನ್ನು ಪ್ರತ್ಯೇಕವಾಗಿ ಕೋರಬೇಕು. ರಿಟ್ ಅರ್ಜಿಗೆ ಶಾಸನ ಕಾಲಮಿತಿ ಹಾಕಿಲ್ಲವಾದರೂ, ವಿಳಂಬಕ್ಕೆ ಕಾರಣ ಹೇಳಲೇಬೇಕಾಗುತ್ತದೆ, ಮತ್ತು ಶಿಕ್ಷೆಯ ಅವಧಿ ಚಿಕ್ಕದಿದ್ದರೆ ತಡವಾದ ಗೆಲುವು ಯಾರಿಗೂ ಉಪಯೋಗಕ್ಕೆ ಬಾರದು. ಸೆರೆವಾಸದ ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಅದೇ ಸಂಹಿತೆಯ 363ನೇ ಕಲಂ ಉಚಿತವಾಗಿ ಕೊಡಿಸುತ್ತದೆ. ಆದರೆ ಆರ್ಡರ್ ಶೀಟ್, ಪ್ರಮಾಣಪತ್ರ ಮತ್ತು ಸಂಧಾನ ವರದಿಯ ದೃಢೀಕೃತ ನಕಲುಗಳಿಗೆ ಬೇರೆ ಅರ್ಜಿ ಹಾಕಬೇಕು. ಅವಿಲ್ಲದೆ ಈ ಕೆಲಸ ಆರಂಭವಾಗುವುದೇ ಇಲ್ಲ.

ವಿಚಾರಣೆಯಲ್ಲಿ ಸರ್ಕಾರಿ ವಕೀಲರು, ಶಿಕ್ಷೆಯನ್ನು ಮತ್ತೆ ತೆರೆಯುವುದಾದರೆ ಅದು ಹೆಚ್ಚೂ ಆಗಬಹುದಲ್ಲವೇ ಎಂದು ಕೇಳಿದರು. ನಾನು ತಿಪ್ಪಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣವನ್ನು ಮುಂದಿಟ್ಟೆ. 1983ರಲ್ಲಿ ವರದಿಯಾದ, ನಮ್ಮ ರಾಜ್ಯದಿಂದಲೇ ಹೋದ ಆ ತೀರ್ಪಿನಲ್ಲಿ, ಲಘು ಶಿಕ್ಷೆಯ ಭರವಸೆಯಿಂದ ತಪ್ಪೊಪ್ಪಿಸಿ ಆಮೇಲೆ ಮೇಲಿನ ಹಂತದಲ್ಲಿ ಶಿಕ್ಷೆಯನ್ನು ಏರಿಸುವುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅದು ಈ ಅಧ್ಯಾಯ ಬರುವ ಮೊದಲಿನದು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ತತ್ವ ಮಾತ್ರ ಹಳತಾಗಿಲ್ಲ.

ಉಚ್ಚ ನ್ಯಾಯಾಲಯ ಮಧ್ಯಂತರ ಬಿಡುಗಡೆ ನೀಡಿತು. ಅಂತಿಮವಾಗಿ, ಪ್ರೊಬೇಷನ್ ಬಗ್ಗೆ ಆಲಿಸದೆ ಶಿಕ್ಷೆ ವಿಧಿಸಿದ್ದು 265-ಇಗೆ ವಿರುದ್ಧವೆಂಬ ಕಾರಣಕ್ಕೆ ಶಿಕ್ಷೆಯ ಆದೇಶವನ್ನಷ್ಟೇ ರದ್ದುಪಡಿಸಿ ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಕೆಳಗಿನ ನ್ಯಾಯಾಲಯ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು, ಸನ್ನಡತೆಯ ಮುಚ್ಚಳಿಕೆಯ ಮೇಲೆ ಆತನನ್ನು ಬಿಡುಗಡೆ ಮಾಡಿತು. ಅಂದು ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ ಅನ್ನು ಆತನಿಗೆ ಓದಿ ಹೇಳಿದೆ: ಹೀಗೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಅಂಟುವ ಅನರ್ಹತೆ ಅನ್ವಯಿಸುವುದಿಲ್ಲ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತದೆಂದು, ಆ ಆದೇಶದ ದೃಢೀಕೃತ ನಕಲೊಂದನ್ನು ಹೆಚ್ಚುವರಿಯಾಗಿ ತೆಗೆಸಿ ಕೊಟ್ಟೆ.